ಹಳೆ ಅಂಬಾಸಿಡರ್: ಬ್ರೇಕಿನ ಗಾಳಿ ತೆಗೆಯುವ ಬಗೆ

ಪೆಡಲ್ ತುಂಬ ಕೆಳಗೆ ಹೋಗಿ ಅಲ್ಲಿ ಗಟ್ಟಿಯಾಗಿ ನಿಂತರೆ ಬ್ರೇಕ್ ಶೂ ಸವೆದಿರುತ್ತದೆ, ಅಡ್ಜಸ್ಟ್ ಮಾಡಿದರೆ ಸಾಕು. ಸ್ಪಂಜಿನಂತೆ ಮೆತ್ತಗಿದ್ದು, ನಾಲ್ಕಾರು ಸಲ ತುಳಿದ ಮೇಲೆ ಮಾತ್ರ ಹಿಡಿಯುತ್ತಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರುವ ಅಂಬಾಸಿಡರ್‌ನಲ್ಲಿ ಈ ಗಾಳಿಯನ್ನು ಮನೆಯಲ್ಲೇ ತೆಗೆಯಬಹುದು. ಜೊತೆಗೊಬ್ಬರು ಬೇಕು.

ಹಿಂದಿನ ರಾತ್ರಿಯೇ ಪ್ರತಿ ಚಕ್ರದಲ್ಲಿ ಗಾಳಿ ಹೊರಬಿಡುವ ಬ್ಲೀಡರ್ ನಿಪ್ಪಲ್‌ಗೆ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಬೆಳಿಗ್ಗೆ ರಿಂಗ್ ಸ್ಪ್ಯಾನರ್ ಹಾಕಿ ಮೆಲ್ಲಗೆ ಅಲುಗಿಸಿ. ಬಲವಂತ ಮಾಡಿದರೆ ನಿಪ್ಪಲ್ ಮುರಿದು ವೀಲ್ ಸಿಲಿಂಡರನ್ನೇ ಬದಲಿಸಬೇಕಾದೀತು. ಗಾಡಿಯನ್ನು ಬರೀ ಜಾಕ್ ಮೇಲೆ ಬಿಡದೆ ಸ್ಟ್ಯಾಂಡ್ ಕೊಡಿ, ನೆಲದ ಮೇಲಿರುವ ಚಕ್ರಗಳಿಗೆ ಅಡ್ಡ ಕಲ್ಲಿಡಿ.

ಬ್ರೇಕ್ ಆಯಿಲ್ ಹೊಸ ಡಬ್ಬದ್ದೇ ಆಗಲಿ. ಅದು ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯದು. ನೀರು ಸೇರಿದರೆ ಆ ಮಿತಿ 155ರವರೆಗೂ ಇಳಿಯಬಹುದು. ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಅದು ಕುದಿದು ಆವಿಯಾದರೆ ಬ್ರೇಕ್ ಹಿಡಿಯುವುದೇ ಇಲ್ಲ. ಎಂಜಿನ್ ಆಯಿಲ್ ಒಂದು ತೊಟ್ಟೂ ಬೆರೆಯಬಾರದು, ರಬ್ಬರ್ ಸೀಲ್‌ಗಳು ಊದಿಕೊಳ್ಳುತ್ತವೆ. ಬ್ರೇಕ್ ಆಯಿಲ್ ಬಾಡಿ ಮೇಲೆ ಚೆಲ್ಲಿದರೆ ತಕ್ಷಣ ನೀರು ಸುರಿಯಿರಿ, ಇಲ್ಲದಿದ್ದರೆ ಪೇಂಟ್ ಕಿತ್ತು ಬರುತ್ತದೆ.

ಇನ್ನು ಹೆಚ್ಚಿನವರು ಮರೆಯುವ ಮಾತು: ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ. ದಿನನಿತ್ಯ ಪೆಡಲ್ ಅರ್ಧದಷ್ಟೇ ಇಳಿಯುವುದರಿಂದ ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನ ಆಚೆಯ ಭಾಗದಲ್ಲಿ ತುಕ್ಕು, ಗಸಿ ಕೂತಿರುತ್ತದೆ. ನೆಲ ಮುಟ್ಟುವಂತೆ ತುಳಿದರೆ ಸೀಲ್ ಅದಕ್ಕೆ ಉಜ್ಜಿ ಹರಿಯುತ್ತದೆ. ಚೆನ್ನಾಗಿದ್ದ ಸಿಲಿಂಡರ್ ಕೆಡುವುದು ಎಷ್ಟೋ ಸಲ ಹೀಗೆಯೇ.

ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು ಮಾಡಿ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಡ್ರೈವರ್ ಬದಿಯದು. ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಬ್ರೇಕ್ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ. "ಒತ್ತು" ಎಂದಾಗ ಜೊತೆಗಾರರು ನಿಧಾನವಾಗಿ ಒತ್ತಿ ಹಿಡಿಯಲಿ. ನಿಪ್ಪಲ್ ಅರ್ಧ ಸುತ್ತು ಸಡಿಲಿಸಿ. ಕಂದು ಬಣ್ಣದ ಆಯಿಲ್ ಜೊತೆ ಗುಳ್ಳೆಗಳು ಟ್ಯೂಬಿನಲ್ಲಿ ಸರಸರನೆ ಹೊರಬರುತ್ತವೆ. ಪೆಡಲ್ ಕೆಳಗಿರುವಾಗಲೇ ನಿಪ್ಪಲ್ ಬಿಗಿ ಮಾಡಿ, ಆಮೇಲಷ್ಟೇ "ಬಿಡು" ಅನ್ನಿ. ಕ್ರಮ ತಪ್ಪಿದರೆ ಗಾಳಿ ಮತ್ತೆ ಒಳಗೆ ಸೇರುತ್ತದೆ. ಗುಳ್ಳೆ ನಿಂತು ತಿಳಿಯಾದ ಆಯಿಲ್ ಬರುವವರೆಗೆ ಹೀಗೆ ಮಾಡಿ. ನಡುನಡುವೆ ಮಾಸ್ಟರ್ ಸಿಲಿಂಡರಿಗೆ ಆಯಿಲ್ ತುಂಬುತ್ತಿರಿ. ಅದು ಬರಿದಾದರೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕು.

ಮುಗಿದ ಮೇಲೆ ಪೆಡಲನ್ನು ಒಂದು ನಿಮಿಷ ಬಲವಾಗಿ ಒತ್ತಿ ಹಿಡಿಯಿರಿ. ಮೆಲ್ಲನೆ ಕುಸಿದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಸೀಲ್ ಹೋಗಿದೆ. ಅದನ್ನು ಸರಿಪಡಿಸುವವರೆಗೆ ಗಾಡಿ ರಸ್ತೆಗಿಳಿಸಬೇಡಿ.