ಅಂಗಳಕ್ಕೆ ಸಂಪಿಗೆ: ಕಸಿ ಗಿಡವೋ, ಬೀಜದ ಗಿಡವೋ?

ನೆಟ್ಟು 6 ವರ್ಷವಾದರೂ ಒಂದು ಮೊಗ್ಗು ಕಾಣಲಿಲ್ಲವೆಂದು ಸಂಪಿಗೆಗೆ ಕೊಡಲಿ ಹಾಕಿದವರಿದ್ದಾರೆ. ಪಾಪ, ಗಿಡದ್ದೇನೂ ತಪ್ಪಿಲ್ಲ. ಬೀಜದಿಂದೆದ್ದ ಸಂಪಿಗೆ ಹೂ ಬಿಡಲು 7–8 ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಬೇಕು. ಕಸಿ ಗಿಡವಾದರೆ 2–3 ವರ್ಷಕ್ಕೇ ಮೊಗ್ಗೊಡೆಯುತ್ತದೆ. ನರ್ಸರಿಗೆ ಹೋದಾಗ ಎಲೆಯ ಹೊಳಪಿಗೆ ಮರುಳಾಗದೆ ಬುಡದ ಬಳಿ ಕಸಿಯ ಗಂಟು ಇದೆಯೇ ನೋಡಿ. ಬಿಳಿ ಸಂಪಿಗೆ ಬೀಜ ಕಟ್ಟುವುದು ಅಪರೂಪ. ಅದನ್ನು ಕಸಿ ಅಥವಾ ಗೂಟಿಯಿಂದಲೇ ಪಡೆಯಬೇಕು.

ಮ್ಯಾಗ್ನೋಲಿಯ ಎಂದರೆ ವಿದೇಶದ ಹೂವೆಂದು ಭಾವಿಸುವವರೇ ಹೆಚ್ಚು. ನಮ್ಮ ಪಶ್ಚಿಮ ಘಟ್ಟದ ಸಂಪಿಗೆಯೂ ಅದೇ ಕುಲದ್ದು. ಸಸ್ಯಶಾಸ್ತ್ರದಲ್ಲಿ ಹಿಂದೆ ಮಿಚೇಲಿಯ ಚಂಪಕ, ಈಗ ಮ್ಯಾಗ್ನೋಲಿಯ ಚಂಪಕ. ನಾಗಸಂಪಿಗೆ, ದೇವಸಂಪಿಗೆಗಳಿಗೆ ಹೆಸರಷ್ಟೇ ನಂಟು.

ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಪೂಜಿಸುವ ದೊಡ್ಡ ಸಂಪಿಗೆಯನ್ನು ಕಂಡವರು ಈ ಮರವನ್ನು ಗೋಡೆಗೆ ಒತ್ತಿ ನೆಡಲಾರರು. ಕಸಿ ಗಿಡಕ್ಕೂ ಮನೆಯಿಂದ 15 ಅಡಿ ಬಿಡಿ, ಬೀಜದ ಗಿಡಕ್ಕೆ 25 ಅಡಿ. ನೀರು ನಿಲ್ಲುವ ಜಾಗ ಬೇಡವೇ ಬೇಡ. ಬೇರು ಮೆತ್ತನೆಯದು, ನಿಂತ ನೀರಿಗೆ ಕೊಳೆಯುತ್ತದೆ, ಕಿತ್ತು ನೆಟ್ಟರೆ ಮುನಿಯುತ್ತದೆ. ಮುಂಗಾರು ಹಿಡಿದ ಮೇಲೆ 2 ಅಡಿ ಗುಂಡಿಗೆ ಮೇಲ್ಮಣ್ಣು, ಕಳಿತ ಕೊಟ್ಟಿಗೆ ಗೊಬ್ಬರ ತುಂಬಿ, ಬೇರಿನ ಮಣ್ಣು ಒಡೆಯದಂತೆ, ಕಸಿಯ ಗಂಟು ಹೂತುಹೋಗದಂತೆ ನೆಡಿ. ಗಂಟಿನ ಕೆಳಗೆ ಬರುವ ಚಿಗುರನ್ನು ಆಗಾಗ ಚಿವುಟಿ. ಇಲ್ಲದಿದ್ದರೆ ಕಸಿ ಸೊರಗಿ ಕೆಳಗಿನದೇ ಮರವಾಗುತ್ತದೆ. ಮೊದಲೆರಡು ಬೇಸಿಗೆ ಬುಡಕ್ಕೆ ತರಗೆಲೆ ಹೊದಿಸಿ ನೀರುಣಿಸಿ.

ಜಾಗವೂ ತಾಳ್ಮೆಯೂ ಇದ್ದರೆ ಬೀಜದಿಂದ ಬೆಳೆಸುವುದರಲ್ಲೊಂದು ಸುಖವಿದೆ. ಗೊಂಚಲ ಕಾಯಿ ಬಿರಿದು ಕೆಂಪು ಬೀಜ ಇಣುಕುವಾಗ ಹಕ್ಕಿಗಳಿಗಿಂತ ಮೊದಲು ಕೊಯ್ಯಬೇಕು. ಆ ಕೆಂಪು ತಿರುಳನ್ನು ನೀರಿನಲ್ಲಿ ಮರಳಿನೊಂದಿಗೆ ಉಜ್ಜಿ ತೆಗೆದು ಕೂಡಲೇ ನೆರಳಿನ ಪಾತಿಗೆ ಹಾಕಿ. ಒಣಗಿಸಿ ಡಬ್ಬಿಯಲ್ಲಿಟ್ಟ ಬೀಜ ಬೇಗ ಸಾಯುತ್ತದೆ.

ಎಲೆ ತಿನ್ನುವ ಹಸಿರು ಹುಳು ಕಂಡೊಡನೆ ಔಷಧಿ ಹೊಡೆಯಬೇಡಿ. ಅದು ಹಸಿರು ಚುಕ್ಕೆಯ ಚಿಟ್ಟೆಯ ಮರಿಯಾಗಿರಬಹುದು, ಬೆಳೆದ ಮರಕ್ಕೆ ಅದರಿಂದ ನಷ್ಟವಿಲ್ಲ. ಹೂ ಬರುವುದು ಎಲೆಯ ಕಂಕುಳಲ್ಲಿ. ಕೊಂಬೆ ಬಗ್ಗಿಸಿ ಮುರಿದರೆ ಮುಂದಿನ ಮೊಗ್ಗುಗಳೂ ಹೋದವು. ಬೆಳಗ್ಗೆ ಬಿಸಿಲೇರುವ ಮೊದಲು ತೊಟ್ಟು ಹಿಡಿದು ಒಂದೊಂದಾಗಿ ಬಿಡಿಸಿ.