ಅಫೀಮು ಜಾತಿಯ ಚಟ: ಔಷಧಿ ವಾರ್ಡಿನಲ್ಲೇ ಶುರುವಾಗಲಿ

ಮಂಗಳೂರಿನ ಕೊಟ್ಟಾರದವರಿಗೆ ಆಸ್ಪತ್ರೆ ದೂರವೇನಲ್ಲ. ಪಕ್ಕದ ಕುಂಟಿಕಾನದಲ್ಲೊಂದು ದೊಡ್ಡ ಖಾಸಗಿ ಆಸ್ಪತ್ರೆ, ಬಸ್ ಹತ್ತಿದರೆ ಹಂಪನಕಟ್ಟೆಯ ವೆನ್ಲಾಕ್. ಆದರೆ ಹೆರಾಯಿನ್‌ಗೋ ಟ್ರಮಡಾಲ್, ಟಪೆಂಟಡಾಲ್‌ನಂಥ ನೋವಿನ ಮಾತ್ರೆಗೋ ಅಂಟಿಕೊಂಡವನು ಮುರಿದ ಕಾಲಿಗೆ ದಾಖಲಾದರೆ ಕಾಲಿಗೆ ಪೂರ್ತಿ ಚಿಕಿತ್ಸೆ, ಚಟಕ್ಕೆ ಬುದ್ಧಿಮಾತು ಮತ್ತು ಡಿಸ್ಚಾರ್ಜ್ ದಿನ ಒಂದು ಚೀಟಿ ಎಂಬಂತಾಗುತ್ತದೆ. ಮಂಗಳೂರಿನಲ್ಲಿ ಸುದ್ದಿಯಾಗುವುದು ಹೆಚ್ಚಾಗಿ ಗಾಂಜಾ ಮತ್ತು ಎಂಡಿಎಂಎ. ಅವಕ್ಕೆ ಇಂಥದ್ದೇ ಎಂದು ಹೇಳಬಹುದಾದ ಔಷಧಿ ಇಲ್ಲ. ಅಫೀಮು ಜಾತಿಯ ಚಟಕ್ಕೆ ಇದೆ, ಅದೂ ದಶಕಗಳಿಂದ. ದಿಲ್ಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ 2019ರ ವರದಿಯಂತೆ ದೇಶದಲ್ಲಿ ಸುಮಾರು 77 ಲಕ್ಷ ಜನರಿಗೆ ಈ ಚಟದಿಂದ ಹೊರಬರಲು ನೆರವು ಬೇಕಾಗಿದೆ. ಅವರನ್ನು ಔಷಧಿಗೆ ಒಪ್ಪಿಸಲು ಆಸ್ಪತ್ರೆಯ ಮಂಚಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಇದಕ್ಕೆ ಆಧಾರವಿದೆ. ಅಮೆರಿಕದ ಬಾಸ್ಟನ್‌ನಲ್ಲಿ ಬೇರೆ ಕಾಯಿಲೆಗೆ ದಾಖಲಾಗಿದ್ದ 139 ವ್ಯಸನಿಗಳನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ವಾರ್ಡಿನಲ್ಲೇ ಈ ಚಟದ ಔಷಧಿಯಾದ ಬ್ಯುಪ್ರೆನಾರ್ಫಿನ್ ಶುರುಮಾಡಿ ಹೊರಗಿನ ಕ್ಲಿನಿಕ್‌ಗೆ ಜೋಡಿಸಿಕೊಟ್ಟವರಲ್ಲಿ ನೂರಕ್ಕೆ 72 ಮಂದಿ ಮುಂದಿನ ಚಿಕಿತ್ಸೆಗೆ ಸೇರಿದರು. ಐದು ದಿನ ಕೊಟ್ಟು ನಿಲ್ಲಿಸಿ, ವಿಳಾಸ ಹೇಳಿ ಕಳಿಸಿದವರಲ್ಲಿ ಸೇರಿದ್ದು 12 ಮಂದಿ. ಆರು ತಿಂಗಳಾಗುವಾಗ ಮೊದಲ ಗುಂಪಿನಲ್ಲೂ ಉಳಿದವರು 17 ಮಾತ್ರ, ಇನ್ನೊಂದರಲ್ಲಿ 3. ಅಂದರೆ ವಾರ್ಡಿನ ಕೆಲಸ ಬಾಗಿಲು ತೆರೆಯುವುದಷ್ಟೇ. ಒಳಗೆ ಉಳಿಸಿಕೊಳ್ಳುವುದು ಆಮೇಲಿನವರ ಪಾಲಿನದು.

ಮೊದಲ ಹೆಜ್ಜೆ, ದಾಖಲಾದ ದಿನವೇ ನಿಜ ಹೇಳುವುದು. ಏನು, ಎಷ್ಟು, ಕೊನೆಯ ಸಲ ಯಾವಾಗ, ಜತೆಗೆ ಮದ್ಯವೋ ನಿದ್ದೆ ಮಾತ್ರೆಯೋ ಇದೆಯೇ ಎಂಬುದು ವೈದ್ಯರಿಗೆ ಗೊತ್ತಿರಲೇಬೇಕು. ಹೆರಾಯಿನ್ ನಿಂತ ಅರ್ಧ ದಿನದೊಳಗೆ ಬೆವರು, ಆಕಳಿಕೆ, ಭೇದಿ, ಮೈಕೈ ಸೆಳೆತ ಶುರುವಾಗುತ್ತವೆ. ಇದನ್ನು ನಾಟಕ ಎಂದುಕೊಂಡು ಗದರಿಸಿದರೆ ರೋಗಿ ಗಾಯ ಒಣಗುವ ಮೊದಲೇ ಎದ್ದು ಹೋಗುತ್ತಾನೆ. ಹಾಗೆಂದು ಬ್ಯುಪ್ರೆನಾರ್ಫಿನನ್ನು ತೀರ ಬೇಗ ಕೊಡುವಂತೆಯೂ ಇಲ್ಲ. ಹೆರಾಯಿನ್ ಇನ್ನೂ ಮೈಯಲ್ಲಿರುವಾಗ ನಾಲಿಗೆಯಡಿ ಇಟ್ಟರೆ ಅದೇ ಸಂಕಟವನ್ನು ಒಮ್ಮೆಲೇ ಕೆರಳಿಸುತ್ತದೆ. ಲಕ್ಷಣಗಳು ಸ್ಪಷ್ಟವಾಗುವವರೆಗೆ ಕಾದು ಸ್ವಲ್ಪ ಸ್ವಲ್ಪವೇ ಏರಿಸಬೇಕು. ಈ ಹಂತದಲ್ಲಿ ಮನೆಯವರು ಮಾಡಬೇಕಾದದ್ದು ಒಂದೇ: ಮನೋವೈದ್ಯರನ್ನು ಈ ವಾರ್ಡಿಗೇ ಕರೆಸಿ ಎಂದು ಕೇಳುವುದು. ‘ಹುಷಾರಾದ ಮೇಲೆ ಓಪಿಡಿಗೆ ಬನ್ನಿ’ ಎಂಬ ಉತ್ತರಕ್ಕೆ ತಲೆಯಾಡಿಸಬೇಡಿ.

ಎರಡನೆಯದು ಮಾತಿನ ಬಗೆ. ಬಂಧುಗಳ ಎದುರು ಮಾತೆತ್ತಬೇಡಿ. ಮಾನ ಹೋಯಿತೆಂಬ ಮಾತಂತೂ ಬೇಡವೇ ಬೇಡ. ನಡುಕ, ನಿದ್ದೆಗೇಡು ರೋಗಿಗೆ ಆ ಗಳಿಗೆಯ ಸತ್ಯ, ಅಲ್ಲಿಂದಲೇ ಶುರುಮಾಡಿ. ‘ಈ ಸಂಕಟ ಇಳಿಸುವ ಮಾತ್ರೆ ಉಂಟಂತೆ, ಇವತ್ತೇ ಶುರು ಮಾಡುವನಾ?’ ಎಂದರೆ ಸಾಕು. ಜೀವನಪರ್ಯಂತದ ಪ್ರತಿಜ್ಞೆ ಬೇಡಿದರೆ ಆತ ಒಪ್ಪುವುದಿಲ್ಲ, ಒಪ್ಪಿದರೂ ಅದಕ್ಕೆ ಬೆಲೆಯಿಲ್ಲ. ಬೇಡ ಎಂದರೆ ಮಾರನೆಯ ದಿನ ಮತ್ತೆ ಕೇಳಿ.

ಒಂದು ಅಮಲು ಬಿಡಿಸಲು ಇನ್ನೊಂದು ಅಮಲೇ ಎಂಬ ಆಕ್ಷೇಪ ಹಳೆಯದು, ತಳ್ಳಿಹಾಕುವಂಥದ್ದೂ ಅಲ್ಲ. ಬ್ಯುಪ್ರೆನಾರ್ಫಿನ್ ಕೂಡ ಅದೇ ಕುಲದ್ದು. ಆದರೆ ಅದರ ಪರಿಣಾಮ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ, ಉಸಿರು ನಿಲ್ಲಿಸುವ ಅಪಾಯ ಹೆರಾಯಿನ್‌ಗಿಂತ ತೀರ ಕಡಿಮೆ (ಮದ್ಯ, ನಿದ್ದೆ ಮಾತ್ರೆ ಜತೆಗೂಡಿದರೆ ಈ ಮಾತು ನಿಲ್ಲದು). ಮಾತ್ರೆಯಿಲ್ಲದೆ ಪೂರ್ತಿ ಬಿಡಿಸುವುದೇ ಮೇಲು ಎನ್ನುವವರು ಸ್ವೀಡನ್ನಿನ ಒಂದು ಅಧ್ಯಯನವನ್ನು ನೋಡಬೇಕು. 2003ರಲ್ಲಿ ಪ್ರಕಟವಾದ ಅದರಲ್ಲಿ 40 ಮಂದಿಗೂ ಒಂದೇ ಬಗೆಯ ಕೌನ್ಸೆಲಿಂಗ್ ಇತ್ತು. ಔಷಧಿ ಮುಂದುವರಿದ 20 ಮಂದಿಯಲ್ಲಿ ವರ್ಷದ ಕೊನೆಗೆ ಚಿಕಿತ್ಸೆಯಲ್ಲಿ ಉಳಿದವರು ನಾಲ್ಕರಲ್ಲಿ ಮೂರು ಪಾಲು. ಆರು ದಿನದಲ್ಲಿ ಔಷಧಿ ನಿಲ್ಲಿಸಿದ 20 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ, ನಾಲ್ವರು ಸತ್ತಿದ್ದರು. ಕೆಲವು ದಿನ ಬಿಟ್ಟ ದೇಹಕ್ಕೆ ಹಳೆಯ ಡೋಸ್ ತಾಳಿಕೊಳ್ಳುವ ಶಕ್ತಿ ಇರುವುದಿಲ್ಲ. ಆಸ್ಪತ್ರೆಯಿಂದ ‘ಶುದ್ಧ’ನಾಗಿ ಮನೆಗೆ ಬಂದವನಿಗೆ ಇದೇ ದೊಡ್ಡ ಗಂಡಾಂತರ.

ಇನ್ನೊಂದು ಅಡ್ಡಿ ಪೊಲೀಸರ ಭಯ. ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣವಿದ್ದವನು ತಾನಾಗಿ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿದರೆ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಆತನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಪೂರ್ತಿ ಮಾಡದಿದ್ದರೆ ಆ ರಕ್ಷಣೆಯನ್ನು ಹಿಂಪಡೆಯಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡುವ ಹೊಣೆಯನ್ನೂ ಹೊರಿಸಿದೆ.

ಕೊನೆಯ ಹೆಜ್ಜೆಯಾದ ಡಿಸ್ಚಾರ್ಜ್‌ನಲ್ಲೇ ಹೆಚ್ಚಿನವರು ಎಡವುವುದು. ಬ್ಯುಪ್ರೆನಾರ್ಫಿನ್ ಮಾತ್ರೆ ಬೀದಿಬದಿಯ ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ಸಿಗುವಂಥದ್ದಲ್ಲ, ಅದರ ಪೂರೈಕೆ ವ್ಯಸನಮುಕ್ತಿ ಕೇಂದ್ರಗಳ ಮೂಲಕ ನಡೆಯುತ್ತದೆ. ಹಾಗಾಗಿ ನಾಳೆಯ ಡೋಸ್ ಎಲ್ಲಿ, ಯಾರು ಕೊಡುತ್ತಾರೆ, ಎಷ್ಟು ಗಂಟೆಗೆ ಎಂಬುದನ್ನು ಬರೆಸಿಕೊಳ್ಳದೆ ಡಿಸ್ಚಾರ್ಜ್‌ಗೆ ಸಹಿ ಹಾಕಬೇಡಿ. ದಾರಿ ತೋಚದಿದ್ದರೆ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮನಸ್ 14416, ಎರಡೂ ಉಚಿತ.