ಹಳೆಯ ಸ್ಕೂಟರಿಗೆ ಮನೆಯಲ್ಲೇ ಬಣ್ಣ

‘ಮೇಲೆ ಥಳುಕು, ಒಳಗೆ ಹುಳುಕು’ ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೆ. ಅದರ ಅರ್ಥ ನನಗೆ ಚೆನ್ನಾಗಿ ಮನದಟ್ಟಾದದ್ದು ಪುಣೆಗೆ ಬಂದು ಒಂದು ಹಳೆಯ ಬಜಾಜ್ ಚೇತಕ್ ಕೊಂಡ ಮೇಲೆ. ಕೊಂಡ ದಿನ ಅದು ಕನ್ನಡಿಯಂತೆ ಹೊಳೆಯುತ್ತಿತ್ತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕಾಲಿಡುವ ಜಾಗದಲ್ಲಿ ಗುಳ್ಳೆಗಳೆದ್ದವು. ರಬ್ಬರಿನ ಹಾಸು ಎತ್ತಿ ಸ್ಕ್ರೂಡ್ರೈವರಿನಿಂದ ಒತ್ತಿದೆ; ಹಪ್ಪಳ ಮುರಿದಂತೆ ಒಳಗೆ ಹೋಯಿತು. ತೂತಿನ ಮೇಲೆ ಲಾಂಬಿ ಮೆತ್ತಿ, ಅದರ ಮೇಲೆ ಬಣ್ಣ ಹೊಡೆದು ಮಾರಿದ್ದರು. ಹಿಂದಿನ ಚಕ್ರದ ಬ್ರೇಕನ್ನು ಕಾಲಿನಿಂದ ಒತ್ತುವುದು ಅಲ್ಲಿಯೇ ಎಂಬುದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ನಮ್ಮ ಬಾಂಧವರಲ್ಲಿ ಹಳೆಯ ಸ್ಕೂಟರು ಇಟ್ಟುಕೊಂಡವರು ಇನ್ನೂ ಇದ್ದಾರೆ. ಕೆಲವರಿಗೆ ಅದು ತಂದೆಯಿಂದ ಬಂದ ಗಾಡಿ. ಅಂಥವರ ಉಪಯೋಗಕ್ಕೆಂದು ಈ ಪಾಠವನ್ನು ಬರೆದಿದ್ದೇನೆ.

ತಗಡೇ ಬೆನ್ನೆಲುಬು

ಇಲ್ಲಿಯ ಆಕುರ್ಡಿಯ ಕಾರಖಾನೆಯಿಂದ ಚೇತಕ್ ಹೊರಬಂದದ್ದು 1972ರಲ್ಲಿ. ರಾಣಾ ಪ್ರತಾಪನ ಕುದುರೆಯ ಹೆಸರು ಹೊತ್ತ ಈ ಪೆಟ್ರೋಲ್ ಗಾಡಿಯ ತಯಾರಿಕೆ ಮೂರು ದಶಕಗಳಿಗೂ ಹೆಚ್ಚು ಕಾಲ ನಡೆದು ನಿಂತಿತು. 2020ರಿಂದ ಅದೇ ಹೆಸರಿನ ವಿದ್ಯುತ್ ಸ್ಕೂಟರು ಮಾರಾಟಕ್ಕೆ ಬಂದಿದೆ.

ಮೋಟಾರ್ ಸೈಕಲ್ಲಿಗೆ ಕೊಳವೆಯ ಚೌಕಟ್ಟು ಇರುತ್ತದೆ. ಹಳೆಯ ಚೇತಕ್ಕಿಗೆ ಹಾಗಿಲ್ಲ. ಒತ್ತಿ ಮಡಿಸಿದ ಉಕ್ಕಿನ ತಗಡೇ ಅದರ ಮೈ, ಅದೇ ಬೆನ್ನೆಲುಬು. ಆದುದರಿಂದ ತಗಡಿಗೆ ತುಕ್ಕು ಹಿಡಿದರೆ ಗಾಡಿಯ ಅಂದವಷ್ಟೇ ಅಲ್ಲ, ಬಲವೂ ಹೋಗುತ್ತದೆ. ಬಣ್ಣವೆಂದರೆ ಅಲಂಕಾರವಲ್ಲ, ನೀರು ಗಾಳಿಗಳಿಂದ ತಗಡನ್ನು ಕಾಯುವ ಕವಚ.

ಕಾಲವನ್ನು ಆರಿಸಿಕೊಳ್ಳಿ

ಚಿತ್ರಗಾರರು ‘ಡ್ಯೂಕೋ’ ಎನ್ನುವ ಬಣ್ಣ ನೈಟ್ರೋಸೆಲ್ಯುಲೋಸಿನಿಂದ ಆದುದು. ಅಮೆರಿಕದ ಡ್ಯುಪಾಂಟ್ ಕಂಪನಿ 1920ರ ದಶಕದಲ್ಲಿ ಇಟ್ಟ ಹೆಸರು ನಮ್ಮಲ್ಲಿ ಬಣ್ಣದ ಜಾತಿಗೇ ನಿಂತಿದೆ. ಅದಕ್ಕೆ ಮುಂಚೆ ಒಂದು ಕಾರಿನ ಬಣ್ಣ ಆರಲು ವಾರಗಟ್ಟಲೆ ಬೇಕಾಗುತ್ತಿತ್ತು. ಇದು ನಿಮಿಷಗಳಲ್ಲಿ ಆರುತ್ತದೆ. ಆ ವೇಗವೇ ಮಳೆಗಾಲದಲ್ಲಿ ಶತ್ರು. ಥಿನ್ನರ್ ಬೇಗ ಹಾರಿಹೋಗುವಾಗ ಮೈಯನ್ನು ತಣ್ಣಗೆ ಮಾಡುತ್ತದೆ. ಗಾಳಿಯ ತೇವ ಅಲ್ಲಿ ಇಬ್ಬನಿಯಂತೆ ಕೂತು ಬಣ್ಣಕ್ಕೆ ಬಿಳಿ ಮಂಕು ಕವಿಯುತ್ತದೆ. ನಾನು ಅವಸರಪಟ್ಟು ಜುಲೈ ತಿಂಗಳಲ್ಲಿ ಹೊಡೆದು ಇಡೀ ಕೆಲಸವನ್ನು ಮತ್ತೆ ಮಾಡಿದೆ. ಪುಣೆಯಲ್ಲಿ ದೀಪಾವಳಿಯ ತರುವಾಯ ಫೆಬ್ರುವರಿವರೆಗಿನ ಒಣ ದಿನಗಳು ಉತ್ತಮ. ಏಪ್ರಿಲ್, ಮೇ ಬಿಸಿಲಿನಲ್ಲಿ ಬಣ್ಣ ತಗಡನ್ನು ಮುಟ್ಟುವ ಮೊದಲೇ ಆರಿ ಮರಳಿನಂತೆ ಕೂರುತ್ತದೆ.

ಬಿಚ್ಚುವುದು, ತೊಳೆಯುವುದು

ಆಸನ, ದೀಪ, ಮೀಟರು, ಅಂಚಿನ ಪಟ್ಟಿ, ಹಾಸು, ಎರಡೂ ಪಕ್ಕದ ಮುಚ್ಚಳ ಇವನ್ನೆಲ್ಲ ತೆಗೆಯಿರಿ. ಸ್ಕ್ರೂಗಳನ್ನು ಬೇರೆ ಬೇರೆ ಪೊಟ್ಟಣ ಕಟ್ಟಿ ಹೆಸರು ಬರೆದಿಡಿ. ಆಸನದ ಕೆಳಗಿರುವ ಪೆಟ್ರೋಲ್ ಟಾಕಿಯನ್ನು ಮೆಕ್ಯಾನಿಕ್‌ನಿಂದ ತೆಗೆಸಿ ದೂರವಿಡಿ. ಖಾಲಿ ಟಾಕಿ ನಿರಪಾಯವೆಂದು ತಿಳಿಯಬೇಡಿ. ಅದರಲ್ಲಿ ಉಳಿದ ಆವಿಯೇ ಹೆಚ್ಚು ಅಪಾಯದ್ದು.

ಉಜ್ಜುವ ಮೊದಲೇ ಸೋಪಿನ ನೀರಿನಿಂದ ಚೆನ್ನಾಗಿ ತೊಳೆಯತಕ್ಕದ್ದು. ಹಿಂದುಮುಂದಾದರೆ ಹಳೆಯ ಪಾಲಿಶಿನ ಜಿಡ್ಡು ಗೀರುಗಳೊಳಗೆ ಇಳಿದು, ಹೊಸ ಬಣ್ಣದಲ್ಲಿ ಮೀನಿನ ಕಣ್ಣಿನಂಥ ಕುಳಿಗಳು ಬೀಳುತ್ತವೆ.

ಹಳೆಯ ಬಣ್ಣದ ಜಾತಿ

ಮರೆಯಲ್ಲಿರುವ ಒಂದು ಮೂಲೆಯನ್ನು ಡ್ಯೂಕೋ ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ ನೋಡಿ. ಬಣ್ಣ ಕರಗಿ ಬಟ್ಟೆಗೆ ಹತ್ತಿದರೆ ಅದು ಡ್ಯೂಕೋ. ಏನೂ ಆಗದಿದ್ದರೆ ಅದು ಕುಲುಮೆಯಲ್ಲಿ ಕಾಯಿಸಿದ್ದು ಅಥವಾ ಗಟ್ಟಿಕಾರಿ ಬೆರೆಸಿದ್ದು. ಇವೆರಡರ ಮೇಲೂ ಹೊಸ ಡ್ಯೂಕೋ ನಿಲ್ಲುತ್ತದೆ. ಆದರೆ ಬಣ್ಣ ಸುಕ್ಕುಗಟ್ಟಿ ಎದ್ದರೆ ಅದು ಸಾದಾ ಎನಾಮೆಲ್. ಅದರ ಮೇಲೆ ಡ್ಯೂಕೋ ಹೊಡೆದರೆ ಎಲ್ಲವೂ ಹೀಗೆಯೇ ಏಳುತ್ತದೆ. ಆಗ ಹಳೆಯದನ್ನು ತಗಡಿನವರೆಗೆ ತೆಗೆಯಬೇಕು, ಇಲ್ಲವೆ ಎನಾಮೆಲನ್ನೇ ಹಚ್ಚಬೇಕು. ಈ ಐದು ನಿಮಿಷದ ಪರೀಕ್ಷೆ ಐದು ದಿನಗಳ ದುಡಿಮೆಯನ್ನು ಉಳಿಸುತ್ತದೆ.

ತುಕ್ಕು, ಅಸ್ತರು, ಲಾಂಬಿ

ತುಕ್ಕನ್ನು ತಂತಿಯ ಬ್ರಶ್ಶು ಮತ್ತು 80 ನಂಬರಿನ ಪಾಲಿಶ್ ಕಾಗದದಿಂದ ಹೊಳೆಯುವ ತಗಡು ಕಾಣುವ ತನಕ ತೆಗೆಯಿರಿ. ಚುಚ್ಚಿದರೆ ತೂತಾಗುವ ಕಡೆ ವೆಲ್ಡಿಂಗ್ ಮಾಡಿಸಲೇಬೇಕು. ಲಾಂಬಿ ತಗ್ಗು ತುಂಬಲು ಇದೆಯೇ ಹೊರತು ತೂತು ಮುಚ್ಚಲು ಅಲ್ಲ.

ಬರಿ ತಗಡನ್ನು ರಾತ್ರಿಯಿಡೀ ಹಾಗೆಯೇ ಬಿಡಕೂಡದು. ಅದೇ ದಿನ ಎಪಾಕ್ಸಿ ಅಸ್ತರು ಹಚ್ಚಿ. ಕೈಗೆ ಚೀಲ ಇರಲಿ. ಅದು ಪೂರ್ತಿ ಗಟ್ಟಿಯಾದ ಮೇಲೆ ಲಘುವಾಗಿ ಉಜ್ಜಿ, ತಗ್ಗುಗಳಿಗೆ ಲಾಂಬಿಯನ್ನು ತೆಳ್ಳಗೆ ಎಳೆಯಿರಿ. ಲಾಂಬಿಯನ್ನು ಒಣಗಿದಂತೆಯೇ ಉಜ್ಜಬೇಕು. ಅದು ನೀರು ಹೀರಿಕೊಂಡರೆ ಮುಂದೆ ಗುಳ್ಳೆಯಾಗಿ ಬರುತ್ತದೆ. ಆಮೇಲೆ ಡ್ಯೂಕೋ ಜಾತಿಯ ಸರ್ಫೇಸರ್ ಹೊಡೆದು, ಅದರ ಮೇಲೆ ಕಪ್ಪು ಬಣ್ಣವನ್ನು ಹನಿಹನಿಯಾಗಿ ಸಿಂಪಡಿಸಿ. ಮರದ ತುಂಡಿಗೆ ವಾಟರ್ ಪೇಪರ್ ಸುತ್ತಿ ಮೊದಲು 400, ನಂತರ 600 ನಂಬರಿನಲ್ಲಿ ನೀರು ಹಾಕಿ ಉಜ್ಜಿ. ಕಪ್ಪು ಉಳಿದ ಕಡೆ ಇನ್ನೂ ತಗ್ಗಿದೆ ಎಂದರ್ಥ. ಕಣ್ಣಿಗೆ ಕಾಣದ್ದನ್ನು ಕಪ್ಪು ಹೇಳಿಕೊಡುತ್ತದೆ.

ಬಣ್ಣದ ಕೈಗಳು

ಗಾಳಿಯಂತ್ರ ಮತ್ತು ಗನ್ನನ್ನು ಬಾಡಿಗೆಗೆ ತರಬಹುದು. ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಥಿನ್ನರ್ ಬೆರೆಸಿ ನವಿರಾದ ಬಟ್ಟೆಯಲ್ಲಿ ಸೋಸಿರಿ. ಧೂಳು ಏಳದಂತೆ ನೆಲಕ್ಕೆ ನೀರು ಚಿಮುಕಿಸಿ, ಮೊದಲು ರಟ್ಟಿನ ಮೇಲೆ ಕೈ ಪಳಗಿಸಿಕೊಳ್ಳಿ. ಗನ್ನು 6ರಿಂದ 8 ಅಂಗುಲ ದೂರದಲ್ಲಿ, ತಗಡಿಗೆ ಸಮನಾಗಿ ಸಾಗಬೇಕು. ಒಂದೊಂದು ಪಟ್ಟಿಯೂ ಹಿಂದಿನದರ ಅರ್ಧವನ್ನು ಮುಚ್ಚಬೇಕು. ತೆಳುವಾದ ನಾಲ್ಕು ಕೈ ಕೊಡಿ. ನಡುವೆ 10–15 ನಿಮಿಷ ಬಿಡಿ. ಒಂದೇ ಸಲಕ್ಕೆ ಮುಗಿಸುವ ಆಸೆಯಿಂದಲೇ ಬಣ್ಣ ಸೋರುವುದು. ಸೋರಿದರೆ ಮುಟ್ಟದೆ ಬಿಡಿ. ಆರಿದ ಮೇಲೆ ಉಜ್ಜಿ ಮತ್ತೆ ಹೊಡೆಯಿರಿ. ವಾರ ಕಳೆದ ನಂತರ 2000 ನಂಬರಿನ ಕಾಗದ ಮತ್ತು ರಬ್ಬಿಂಗ್ ಕಾಂಪೌಂಡಿನಿಂದ ಹೊಳಪು ತನ್ನಿ.

ಎರಡು ಎಚ್ಚರಿಕೆ

ಮೊದಲನೆಯದು, ಗಟ್ಟಿಕಾರಿ ಬೆರೆಸುವ ಪಿಯು ಬಣ್ಣವನ್ನು ಮನೆಯಲ್ಲಿ ಸಿಂಪಡಿಸಬೇಡಿ. ಅದರಲ್ಲಿರುವ ಐಸೊಸಯನೇಟ್ ಉಬ್ಬಸ ತರುತ್ತದೆ, ಬಟ್ಟೆಯ ಮುಖವಾಡ ಅದನ್ನು ತಡೆಯದು. ಡ್ಯೂಕೋಗೂ ಇದ್ದಿಲಿನ ಡಬ್ಬಿಯುಳ್ಳ ಮುಖವಾಡ ಬೇಕು. ನಮ್ಮಲ್ಲಿ ಬಹಳ ಜನ ಒಂದೇ ಕೋಣೆಯಲ್ಲಿ ಅಡುಗೆಯನ್ನೂ ನಿದ್ರೆಯನ್ನೂ ಮಾಡುವವರು. ಅಲ್ಲಿ ಖಂಡಿತ ಕೂಡದು. ಒಲೆಯಿಂದ, ಊದಿನಕಡ್ಡಿಯಿಂದ, ಮಕ್ಕಳಿಂದ ದೂರವಾದ ಬಯಲೇ ಬೇಕು. ಅಂಥ ಜಾಗವಿಲ್ಲದಿದ್ದರೆ ಉಜ್ಜುವ ಕೆಲಸ ನೀವು ಮಾಡಿ, ಸಿಂಪಡಿಸಲು ಚಿತ್ರಗಾರನಿಗೆ ಕೊಡಿ. ಅದರಲ್ಲಿ ನಾಚಿಕೆಯೇನೂ ಇಲ್ಲ; ಹೆಚ್ಚು ದಿನ ಹಿಡಿಯುವ ಕೆಲಸ ಉಜ್ಜುವುದೇ.

ಎರಡನೆಯದು, ನೋಂದಣಿ ಪತ್ರದಲ್ಲಿ ಗಾಡಿಯ ಬಣ್ಣ ಬರೆದಿರುತ್ತದೆ. ಬಣ್ಣ ಬದಲಿಸುವುದಾದರೆ ಮೊದಲು ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ ದಾಖಲಿಸಿಕೊಳ್ಳಿ. ಇದ್ದ ಬಣ್ಣವನ್ನೇ ಹೊಡೆದರೆ ಆ ತೊಡಕಿಲ್ಲ.

ನನ್ನ ಗಾಡಿಯ ನೆಲಕ್ಕೆ ಹೊಸ ತಗಡು ಕೂಡಿಸಿ ಬಣ್ಣ ಹೊಡೆದಾಯಿತು. ಮೊದಲಿನಷ್ಟು ಅದು ಹೊಳೆಯುವುದಿಲ್ಲ. ಆದರೆ ಕಾಲೂರಿ ಬ್ರೇಕು ಒತ್ತಿದಾಗ ಕೆಳಗೆ ಏನಿದೆ ಎಂಬುದು ನನಗೆ ಗೊತ್ತಿದೆ.